ಉಪ್ಪಿನ ಜೊತೆ ಹರಸಿದ ಸತು

ವನಾದ್ಜೋರ್, ಅಕ್ಕನ ಮನೆ
ನವೆಂಬರ್ ೧೪

ಸೂರೆನ್ ಜಾನ್,

ನಮ್ಮ ಗ್ಯುಮ್ರಿಯಲ್ಲಿ ರೊಟ್ಟಿ ಮಾರುವವಳಿಗೂ, ಬಸ್ಸಿನ ಡ್ರೈವರಿಗೂ, ಕಾಲಿಗೆ ಅಡ್ಡ ಬಂದ ಬೆಕ್ಕಿಗೂ ‘ನಿನ್ನ ನೋವು ನನಗಿರಲಿ’ ಅಂತಲೇ ಮಾತು ಶುರು. ನಿನಗೆ ಬರೆದ ಪ್ರತಿ ಕಾಗದವನ್ನೂ ನಾನು ಹಾಗೇ ಶುರು ಮಾಡಿದ್ದೆ. ಈ ಸಲ ಕೈ ಬರಲಿಲ್ಲ.

ನಿಮ್ಮ ವೇಟ್‌ಲಿಫ್ಟಿಂಗ್ ಶಿಬಿರದಲ್ಲಿ ಆಗಲೇ ಹಿಮ ಬಿತ್ತಂತೆ. ಮೊಣಕಾಲಿಗೆ ಉಣ್ಣೆಪಟ್ಟಿ ಕಟ್ಟಿಕೋ. ನೋಡು, ಸಿಟ್ಟಿನಲ್ಲಿ ಬರೆಯಲು ಕೂತರೂ ಮೊದಲು ನೆನಪಾಗುವುದು ನಿನ್ನ ಮೊಣಕಾಲೇ. ಹಾಳು ಅಭ್ಯಾಸ.

ವಸಂತದಲ್ಲಿ ಇಬ್ಬರೂ ಡಾಕ್ಟರ್ ಅನಾಹಿತ್ ಹತ್ತಿರ ಹೋಗಿದ್ದೆವಲ್ಲ. ಕೋಚ್ ಗೆಗಾಮ್ ನಿನಗೆ ಹರೆಯದಲ್ಲಿ ಚುಚ್ಚಿಸಿದ ಸ್ಟೀರಾಯ್ಡ್ ಸೂಜಿಗಳಿಂದ ನಿನ್ನ ಮೈಯ ಗಂಡು ಹಾರ್ಮೋನು ಬತ್ತಿದೆ, ಮಗು ಆಗದಿರುವುದು ಅದಕ್ಕೇ ಅಂದರು. ಮತ್ತೆ ಸೂಜಿ ಮುಟ್ಟದೆ ಕಾಯಬೇಕು. ಭಾರ ಎತ್ತುವವರು ಬೆವರಿನಲ್ಲಿ ಸತು ಕಳೆದುಕೊಳ್ಳುತ್ತಾರೆ, ನಿನ್ನ ರಕ್ತದಲ್ಲೂ ಕಡಿಮೆ ಇದೆ, ಅದರ ಮಾತ್ರೆ ನುಂಗಿದರೆ ಸ್ವಲ್ಪ ಸಹಾಯವಾದೀತು ಅಂದರು. ಮೆಟ್ಟಿಲಿಳಿಯುವಾಗ ನೀನು ನನ್ನ ಕೈ ಹಿಡಿದು, ‘ಇನ್ನು ಸೂಜಿ ಮುಟ್ಟಲ್ಲ ಶುಶಾನ್, ನನ್ನ ಮಗು ಆಣೆ’ ಅಂದೆ. ಹುಟ್ಟದ ಮಗುವಿನ ಮೇಲೆ ಆಣೆ. ನಾನು ನಂಬಿದೆ.

ಅತ್ತೆಯಂತೂ ಒಂದು ಹೆಜ್ಜೆ ಮುಂದೆ. ಮೊಮ್ಮಗುವಿಗೆಂದು ಹೊತ್ತ ಹರಕೆಯ ಕುರಿಗೆ ತಿನ್ನಿಸುವ ಉಪ್ಪನ್ನು ಪಾದ್ರಿ ಹರಸುವಾಗ, ಪಕ್ಕದಲ್ಲಿ ನಿನ್ನ ಸತುವಿನ ಮಾತ್ರೆ ಡಬ್ಬಿಯನ್ನೂ ಇಟ್ಟುಬಿಟ್ಟರು. ಪಾದ್ರಿ ಕಣ್ಣು ಪಿಳಿಪಿಳಿ ಬಿಟ್ಟು ಅದನ್ನೂ ಹರಸಿದರು. ಪಕ್ಕದ ಮನೆಯ ಹಾಮೊ ಸುಮ್ಮನಿರುತ್ತಾನಾ? ‘ಸೂರೆನ್‌ಗೆ ಹುಟ್ಟೋ ಮಗು ಹೊಸ ಸತುವಿನ ಬಕೆಟ್ ತರ ಫಳಫಳ ಅಂತದೆ ಬಿಡ್ರಪ್ಪಾ’ ಅಂದ. ಎಷ್ಟು ನಕ್ಕಿದ್ದೆವು ಅವತ್ತು!

ಸೆಪ್ಟೆಂಬರಿನ ರಕ್ತಪರೀಕ್ಷೆಯಲ್ಲಿ ಹಾರ್ಮೋನು ಏರಿತ್ತು. ಸ್ವಲ್ಪ ಅಲ್ಲ, ಹಲವು ಪಟ್ಟು. ಗೆಗಾಮ್ ಮನೆಗೇ ಬಂದು, ‘ಸತು ಅಂದ್ರೆ ಸತು! ನಾ ಅವತ್ತೇ ಹೇಳ್ಲಿಲ್ವೇನಮ್ಮಾ?’ ಅಂದ, ನನ್ನ ಮುಖ ಮಾತ್ರ ನೋಡಲಿಲ್ಲ. ಅತ್ತೆ ಕುರಿ ಕೊಯ್ಯಿಸಿದರು. ಬೇಯಿಸಿದ ಮಾಂಸದ ಪಾತ್ರೆ ಹೊತ್ತು ಏಳು ಮನೆಗೆ ಹಂಚಿದವಳು ನಾನೇ. ಆ ವಾರವೇ ಅತ್ತೆ ಕೆಂಪು ಉಣ್ಣೆಯಲ್ಲಿ ಪುಟ್ಟ ಕಾಲುಚೀಲ ಹೆಣೆದು ನನ್ನ ದಿಂಬಿನ ಕೆಳಗಿಟ್ಟರು. ನನಗೆ ನಾಚಿಕೆಯೋ ನಾಚಿಕೆ.

ನೀನು ಶಿಬಿರಕ್ಕೆ ಹೋದ ಮೇಲೆ ಡಾಕ್ಟರ್ ನನ್ನನ್ನು ಕರೆಸಿದರು. ಸತು ಕೊರತೆಯನ್ನು ತುಂಬುತ್ತದೆ ಅಷ್ಟೇ, ಇಷ್ಟು ಎತ್ತರಕ್ಕೆ ಏರಿಸುವುದಿಲ್ಲ ಅಂದರು. ಮಿದುಳಿನಿಂದ ಅಪ್ಪಣೆ ಹೊತ್ತು ಬರುವ ಇನ್ನೊಂದು ಹಾರ್ಮೋನು ನಿನ್ನ ರಕ್ತದಲ್ಲಿ ಇಲ್ಲವೇ ಇಲ್ಲವಂತೆ. ನನಗೆ ತಿಳಿಯಲಿಲ್ಲ. ‘ಹೊರಗಿಂದ ಊಟ ಬರ್ತಿದ್ರೆ ಮನೇಲಿ ಒಲೆ ಯಾರಮ್ಮಾ ಹಚ್ತಾರೆ?’ ಅಂತ ಕೇಳಿದರು. ಆಗ ತಿಳಿಯಿತು. ಸೂಜಿ ಮತ್ತೆ ಶುರುವಾಗಿತ್ತು. ಲೆಕ್ಕದಲ್ಲಿ ನೀನು ಹಿಂದೆಂದೂ ಇಲ್ಲದಷ್ಟು ಗಂಡಸು, ಆದರೆ ಮಗು ಹುಟ್ಟಿಸುವ ಬೀಜ ಒಂದೂ ಇಲ್ಲ. ಈ ಸಲ ಒಲೆ ಮತ್ತೆ ಹೊತ್ತುವುದು ಅನುಮಾನ ಅಂದರು.

ಮೂವತ್ತಾರಕ್ಕೆ ಇದು ನಿನ್ನ ಕೊನೆಯ ಚಾಂಪಿಯನ್‌ಶಿಪ್, ಗೊತ್ತು. ನನಗೂ ಮೂವತ್ತಾರೇ ಕಣೋ. ನನ್ನದೂ ಕೊನೆಯದೇ ಆಗಿತ್ತು. ಒಂದು ಮಾತು ಕೇಳಬಹುದಿತ್ತು. ಕೇಳಿದ್ದರೆ ಬೇಡ ಅಂತಿದ್ದೆ, ಅದಕ್ಕೇ ಕೇಳಲಿಲ್ಲ ನೀನು. ಆ ಏಳು ಮನೆಯವರು ದಾರಿಯಲ್ಲಿ ಸಿಕ್ಕಾಗಲೆಲ್ಲ ನನ್ನ ಹೊಟ್ಟೆಯನ್ನೇ ನೋಡುತ್ತಿದ್ದರು. ಆ ಊರಿನಲ್ಲಿ ಇನ್ನು ಹೇಗೆ ಓಡಾಡಲಿ? ಇಲ್ಲಿ ಅಕ್ಕನ ಮಕ್ಕಳು ನನ್ನ ಕೊರಳಿಗೆ ಜೋತುಬೀಳುತ್ತವೆ. ಬಿಡಿಸಿಕೊಂಡು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟು ಅಳುತ್ತೇನೆ.

ನಾನು ಯಾರಿಗೂ ಹೇಳುವುದಿಲ್ಲ. ನೀನು ಗೆಲ್ಲು. ವಾಪಸ್ ಬರುವ ಶಕ್ತಿ ಮಾತ್ರ ನನ್ನಲ್ಲಿಲ್ಲ.

ಇನ್ನೂ ನಿನ್ನ ಹೆಸರಿನಲ್ಲೇ ಇರುವ,
ಶುಶಾನ್

ಲಕೋಟೆ ಅಂಟಿಸುವ ಮೊದಲು ಇನ್ನೊಂದು: ಈಗಷ್ಟೇ ನಿನ್ನಮ್ಮ ಗ್ಯುಮ್ರಿಯಿಂದ ಇಲ್ಲಿಗೇ ಬಂದು ಹೋದರು. ಸತುವಿನ ಹೊಸ ಡಬ್ಬಿ ತಂದಿದ್ದರು, ನನಗೆ. ‘ಅವನಿಗೆ ಹಿಡಿಸ್ತಲ್ಲ, ಇನ್ನು ನೀನೂ ತಗೋ ತಾಯಿ’ ಅಂದರು. ನಿಜ ನಾಲಿಗೆಯ ತುದಿಗೆ ಬಂದಿತ್ತು. ಆ ಮುಖ ನೋಡಿ, ‘ದೋಷ ನನ್ನಲ್ಲೇ ಇದೆಯಂತೆ ಅತ್ತೆ, ಡಾಕ್ಟರ್ ಹೇಳಿದರು’ ಅಂದೆ. ತಬ್ಬಿಕೊಂಡು ಅತ್ತರು, ‘ನಿನ್ನ ನೋವು ನನಗಿರಲಿ ಮಗಳೇ’ ಅಂದರು. ಹೊರಡುವಾಗ ಬಾಗಿಲಲ್ಲಿ ನಿಂತು, ಆ ಪುಟ್ಟ ಕಾಲುಚೀಲ ವಾಪಸ್ ಕೊಡ್ತೀಯಾ ಅಂತ ಕೇಳಿದರು. ನನ್ನ ಚೀಲದಿಂದ ತೆಗೆದು ಕೊಟ್ಟೆ.