ಐದನೆಯ ಸ್ಕ್ರೂ

೭ ನವೆಂಬರ್, ಶುಕ್ರವಾರ

ಕ್ಯಾಮೆರಾದ ಲೆನ್ಸ್ ಸರಿಹೋಗಿತ್ತು. ನಾನೇ ಕೈಯಾರೆ ಕೆಡಿಸಿದೆ.

ನಾಳೆ ಬೆಳಿಗ್ಗೆ ಒಂಬತ್ತಕ್ಕೆ ಅಕ್ಕನ ನಿವೃತ್ತಿಯ ಬೀಳ್ಕೊಡುಗೆ. ಅವಳ ಜೊತೆ ಆಸ್ಪತ್ರೆಯ ನರ್ಸ್‌ಗಳೆಲ್ಲ ಮೆಟ್ಟಿಲ ಮೇಲೆ ಸಾಲಾಗಿ ನಿಲ್ಲುತ್ತಾರೆ. "ಬೇರೆ ಯಾರನ್ನೂ ಕರೀಬೇಡ ಕಣೇ ಅಕ್ಕ, ಫೋಟೋ ನಾನೇ ತೆಗೀತೀನಿ" ಎಂದು ಜಂಬ ಕೊಚ್ಚಿಕೊಂಡವಳು ನಾನು.

ಈ ಹಳೆಯ ಲೆನ್ಸಿನ ಆಟೋಫೋಕಸ್ ಒಂದು ವಾರದಿಂದ ಹಿಂದೆ ಮುಂದೆ ತಡಕಾಡುತ್ತಿತ್ತು, ಎಲ್ಲೂ ನಿಲ್ಲುತ್ತಿರಲಿಲ್ಲ. ಸಂಜೆ ಅದರ ಹಿಂಬದಿಯ ಉಂಗುರ ಬಿಚ್ಚಿ, ಕಪ್ಪಿಟ್ಟಿದ್ದ ಲೋಹದ ಚುಕ್ಕಿಗಳನ್ನು ರಬ್ಬರಿನಿಂದ ಉಜ್ಜಿದೆ. ಮುಚ್ಚಿ ನೋಡಿದರೆ ಗಡಿಯಾರದ ಮುಳ್ಳನ್ನು ಒಂದೇ ಏಟಿಗೆ ಹಿಡಿಯಿತು! ಅಷ್ಟರಲ್ಲಿ ಟವೆಲ್ ಮೇಲೆ ಇನ್ನೊಂದು ಸ್ಕ್ರೂ ಕಂಡಿತು. ನಾಲ್ಕು ಹಾಕಿದ್ದೆ, ಇದು ಐದನೆಯದು.

"ಬಿಚ್ಚೋವಾಗ ಎಣಿಸಿದ್ಯಾ?" ಎಂದು ಇವರು ಬಾಗಿಲಲ್ಲೇ ನಿಂತು ಕೇಳಿದರು.

"ಎಣಿಸದೆ ಬಿಚ್ತೀನಾ? ನೀವು ಹೋಗಿ ಮಲಗಿ."

ಎಣಿಸಿರಲಿಲ್ಲ.

ಮತ್ತೆ ಬಿಚ್ಚಿದೆ. ಒಳಗೊಂದು ಖಾಲಿ ತೂತು ಕಂಡಾಗ ಹೋದ ಜೀವ ಬಂದಂತಾಯಿತು. ಸ್ಕ್ರೂ ಕೂರಿಸಿ ತಿರುಗಿಸಿದೆ. ಕೊನೆಯ ಸುತ್ತು ತೀರಾ ಬಿಗಿಯಾಗಿತ್ತು, ಆದರೂ ಬಿಡಲಿಲ್ಲ. ಈಗ ಆಟೋಫೋಕಸ್ ಕಿರ್ರೆಂದು ಅರ್ಧಕ್ಕೇ ನಿಂತುಬಿಡುತ್ತದೆ. ಅಕ್ಕನಿಗೆ ಯಾವ ಮುಖ ತೋರಿಸಲಿ?

ಇಷ್ಟು ಬರೆದು ಕಣ್ಣುಜ್ಜಿಕೊಳ್ಳಲು ಕನ್ನಡಕ ತೆಗೆದೆ. ಅದರ ಒಂದು ಕಡ್ಡಿ ಕೈಗೇ ಬಂತು. ಕೀಲಿನಲ್ಲಿ ಸ್ಕ್ರೂ ಇಲ್ಲ.

ಲೆನ್ಸಿನೊಳಗೆ ನಾನು ಬಿಗಿದದ್ದು ಕನ್ನಡಕದ ಸ್ಕ್ರೂ. ಅದನ್ನು ತೆಗೆಯಲು ಕನ್ನಡಕವೇ ಬೇಕು, ಕನ್ನಡಕವನ್ನು ನನ್ನ ಮೂಗಿನ ಮೇಲೆ ಯಾರಾದರೂ ಹಿಡಿದುಕೊಂಡು ನಿಲ್ಲಬೇಕು. ಇವರನ್ನೇ ಎಬ್ಬಿಸಬೇಕು. ಏನಂತ ಹೇಳಿ ಎಬ್ಬಿಸಲಿ?