ಮಸುಕಾದ ಮೊಹರು

ಐಜೂರು, ರಾಮನಗರ
3 ಏಪ್ರಿಲ್ 2003

ನನ್ನ ಪ್ರೀತಿಯ ಅವ್ವನಿಗೆ, ನಿನ್ನ ಲತಾಮಣಿಯ ನಮಸ್ಕಾರ.

ತಂಗಿ ಭಾನು ಇದನ್ನು ಓದಿ ಹೇಳುವಾಗ ನೀನು ರೇಷ್ಮೆ ಹುಳುವಿಗೆ ಸೊಪ್ಪು ಹಾಕುತ್ತಿರುತ್ತೀಯ, ಗೊತ್ತು. ಒಸಿ ಕೈ ನಿಲ್ಲಿಸಿ ಕೇಳು. ನಿನ್ನೆ ಯುಗಾದಿಗೆ ಬರಲಿಲ್ಲವೆಂದು ಬೈದುಕೊಂಡಿರುತ್ತೀಯ. ಸರ್ಕಾರದ ಬಿಲ್ಲು ಪಾಸು ಮಾಡುವ ಕಚೇರಿ ನಮ್ಮದು, ಮಾರ್ಚಿಯ ವರ್ಷದ ಲೆಕ್ಕ ಇನ್ನೂ ಮುಗಿದಿಲ್ಲ ಅವ್ವ. ನಿನ್ನ ಅಳಿಯ ಅಶ್ವಥ್‌ಗೂ ಬಿಡದಿ ಕಾರ್ಖಾನೆಯಲ್ಲಿ ಡಬಲ್ ಶಿಫ್ಟ್. ಹೋಳಿಗೆ ಮಾಡಲಿಲ್ಲ, ಬೇವು ಮಾತ್ರ ತಿಂದೆವು.

ಒಂದು ಮಾತು, ಗಾಬರಿಯಾಗಬೇಡ. ನಮ್ಮ ಹುಣಸೆದೊಡ್ಡಿ ಆಸ್ಪತ್ರೆಯಲ್ಲಿ ಹಾವು ಕಡಿದರೆ ಕೊಡುವ ಇಂಜೆಕ್ಷನ್ ಒಂದೂ ಇಲ್ಲವಂತೆ. ಯಾರೋ ಹೇಳಿದರು. ಹಳೆಯ ಬಾಕಿ ಬಾರದೆ ಕಂಪನಿಯವರು ಕಳಿಸುತ್ತಿಲ್ಲವಂತೆ. ಸರ್ಕಾರಕ್ಕೆ ಬರುವುದಕ್ಕಿಂತ ಹೋಗುವುದೇ ಹೆಚ್ಚು. ಮಾಡಿದ ಸಾಲದ ಬಡ್ಡಿ ಮೊದಲು, ನಮ್ಮಂಥವರ ಸಂಬಳ ಆಮೇಲೆ, ಉಳಿದರೆ ಔಷಧಿ. ಕಾಲೇಜಿನಲ್ಲಿ ಖೋತಾ ಬಜೆಟ್ ಬಗ್ಗೆ ನಾಲ್ಕು ಪುಟ ಬರೆದಿದ್ದೆ. ಅದು ನಮ್ಮ ಹಿಪ್ಪುನೇರಳೆ ಸಾಲಿಗೇ ಬಂದು ಸುರುಳಿ ಸುತ್ತಿ ಮಲಗುತ್ತದೆಂದು ಯಾವ ಮೇಷ್ಟ್ರೂ ಹೇಳಿರಲಿಲ್ಲ.

ಹೋದ ವರ್ಷ ತೋಟದಲ್ಲಿ ಕೊಳಕುಮಂಡಲ ಹಾವು ಕಂಡಾಗ ನೀನು, "ಅದ್ರ ಪಾಡ್ಗೆ ಅದು ಓಯ್ತದೆ, ನನ್ ಪಾಡ್ಗೆ ನಾನು ಸೊಪ್ ಕುಯ್ತೀನಿ ಕಣೇ" ಎಂದು ನಕ್ಕಿದ್ದೆ. ಈಗ ಆ ನಗು ನೆನೆದರೆ ನನಗೆ ನಿದ್ದೆ ಹತ್ತುವುದಿಲ್ಲ. ನನ್ನ ಮಗಳು ನಯನಾ ನಿನ್ನ ಸೆರಗು ಹಿಡಿದು ಬರಿಗಾಲಲ್ಲಿ ಸಾಲಿಗೆ ಇಳಿಯುತ್ತಾಳೆ. ಮೂರು ವರ್ಷದ ಕಾಲು, ಎಷ್ಟು ಸಣ್ಣದು. ಮಾರ್ಚಿ ಮುಗಿಯುವವರೆಗೆ ಇರಲಿ ಎಂದು ಅವಳನ್ನು ಬಿಟ್ಟು ಬಂದವಳು ನಾನೇ.

ಈ ಪತ್ರ ತಂದ ಕಂಡಕ್ಟರ್ ನಜೀರಣ್ಣನ ಬಸ್ಸಿನಲ್ಲೇ ಭಾನು ಮಗುವನ್ನು ಕರೆತರಲಿ. ಹುಳು ಹಣ್ಣಾಗಿ ಗೂಡು ಕಟ್ಟುವ ಹೊತ್ತು, ನೀನು ಬರಲಾರೆ. ಪತ್ರದ ಜೊತೆ ಕಳಿಸಿದ ಬ್ಯಾಗಿನಲ್ಲಿ ಅಶ್ವಥ್‌ನ ಕಾರ್ಖಾನೆ ಬೂಟು, ಟಾರ್ಚು ಇಟ್ಟಿದ್ದೇನೆ. ಹಾಕಿಕೊ. ಊರು ನಕ್ಕರೆ ನಗಲಿ. ಬೆಳಕು ಹರಿಯದೆ ತೋಟಕ್ಕೆ ಇಳಿಯಬೇಡ.

ನಿನ್ನ ಮಗಳು,
ಲತಾಮಣಿ

ಮತ್ತೊಂದು: ಭಾನು, ಇಲ್ಲಿಂದ ಮುಂದೆ ಅವ್ವನಿಗೆ ಓದಬೇಡ. ನಿನ್ನೆ ಕಚೇರಿಗೆ ರಜೆಯಿತ್ತು. ಯಾರೋ ಹೇಳಿದ್ದೂ ಅಲ್ಲ. ನಮ್ಮೂರ ಆಸ್ಪತ್ರೆಯ ಗುಮಾಸ್ತ ಬಸವಯ್ಯ ಆ ಔಷಧಿ ಬಿಲ್ಲನ್ನು ತಂದದ್ದು ನನ್ನ ಟೇಬಲ್ಲಿಗೇ. ಮಾರ್ಚಿ ಕೊನೆಯಲ್ಲಿ ನಮಗೆ ಸಾಹೇಬರ ಬಾಯಿಮಾತಿನ ಆಜ್ಞೆ: "ದುಡ್ಡಿಲ್ಲ ಅನ್ಬೇಡ್ರಮ್ಮ, ತಪ್ಪೈತೆ ಅನ್ನಿ, ವಾಪಸ್ ಕಳ್ಸಿ." ಮೊಹರಿಲ್ಲವೆಂದು ಬರೆದು ವಾಪಸ್ ಕೊಟ್ಟೆ. ಮೊಹರು ಇತ್ತು ಭಾನು. ಮಸುಕಾಗಿತ್ತು, ಅಷ್ಟೆ. ಬಸವಯ್ಯ ಜಗಳವಾಡಲಿಲ್ಲ. ಬಿಲ್ಲು ಮಡಚಿಕೊಂಡು, "ಓಗ್ಲಿ ಬುಡವ್ವ. ನಿನ್ ಪಾಪು ನಮ್ಮೂರಲ್ಲೇ ಐತಲ್ಲ, ಚೆಂದಾಗೈತೆ" ಎಂದರು. ಊರಿನ ಬಸ್ಸು ಆ ಆಸ್ಪತ್ರೆಯ ಮುಂದೆಯೇ ನಿಲ್ಲುತ್ತದೆ. ನಾನೇ ಬಂದು ಮಗುವನ್ನು ಎತ್ತಿಕೊಳ್ಳದಿರುವುದು ಅದಕ್ಕೆ.

ಹೊರಡುವ ಮುಂಚೆ ಅವ್ವನ ಕಾಲಿಗೆ ನೀನೇ ಬೂಟು ಹಾಕು. ಲೇಸು ಬಿಗಿಯಾಗಿ ಗಂಟು ಹಾಕು, ಅವಳಿಗೆ ಬಿಚ್ಚಲು ಬಾರದಂತೆ.