ನೀರಿಗೆ ಹಾಕಿದರೆ ಮೆತ್ತಗಾಗುವ ತಾಮ್ರ

ಶಹಾಬಾದ, ಶನಿವಾರ

ಪೂಜ್ಯ ಕಾಕಾನವರಿಗೆ ಮೌನೇಶನ ನಮಸ್ಕಾರ.

ಕೆಲಸ ಹೋಯಿತು, ಊರಿಗೆ ಬರುತ್ತೇನೆ ಎಂದು ನಿನ್ನೆಯ ಕಾರ್ಡಿನಲ್ಲಿ ಬರೆದಿದ್ದೆನಲ್ಲ, ಕೆಲಸ ಹೋಗಿಲ್ಲ. ಕಾರ್ಖಾನೆಯಲ್ಲಿ ವೆಲ್ಡಿಂಗ್ ಯಂತ್ರದ ಇಪ್ಪತ್ತು ತಾಮ್ರದ ತುದಿಗಳನ್ನು ಗಟ್ಟಿ ಮಾಡಲು ಕೊಟ್ಟಿದ್ದರು. ಊರಿನ ನಮ್ಮ ಕುಲುಮೆಯಲ್ಲಿ ಕುಡಗೋಲಿಗೆ ಮಾಡುವ ಹಾಗೆ ಕೆಂಪಗೆ ಕಾಯಿಸಿ ನೀರಿಗೆ ಹಾಕಿದೆ. ಗಟ್ಟಿಯಾಯಿತೇ ಎಂದು ಅರ ಹಚ್ಚಿ ಉಜ್ಜಿದರೆ ಬೆಣ್ಣೆಯಂತೆ ಸವೆಯಿತು! ಮತ್ತೆ ಕಾಯಿಸಿ ಅದ್ದಿದೆ, ಮತ್ತೆ ಅದೇ ಗತಿ. ಎಲ್ಲವನ್ನೂ ಕೆಡಿಸಿದೆನೆಂದು ಟ್ರಂಕು ಕಟ್ಟಿಟ್ಟಿದ್ದೆ.

ಇವತ್ತು ಮೇಸ್ತ್ರಿ ಮಜೀದಸಾಬರು ನೋಡಿ ನಕ್ಕರು. "ಅರ್ಧಾ ಕೆಲಸ ಬರೋಬರಿ ಮಾಡಿದಿ, ತಮ್ಮಾ. ಇದರಾಗ ಚೂರು ಕ್ರೋಮಿಯಂ ಅದ. ಕಾಯಿಸಿದಾಗ ಅದರ ಪರಮಾಣು ತಾಮ್ರದಾಗ ಚದುರ್ತಾವ, ನೀರಿಗೆ ಹಾಕಿದ್ರ ಹಂಗೇ ನಿಂತುಬಿಡ್ತಾವ. ಈಗ ಸಣ್ಣ ಕಾವಿನ್ಯಾಗ ಮೂರು ತಾಸು ಇಡು, ಅಲ್ಲಲ್ಲಿ ಗುಂಪು ಕೂಡ್ತಾವ. ಎರಡು ಫರಸಿಕಲ್ಲಿನ ನಡುವ ಹರಳು ಕಚ್ಚಿಕೊಂಡ್ರ ಫರಸಿ ಜಾರ್ತಾವೇನು? ತಾಮ್ರದ ಪದರೂ ಹಂಗೇ, ಜಾರಂಗಿಲ್ಲ. ಅದೇ ಗಟ್ಟಿತನ."

ಊಟಕ್ಕೂ ಹೋಗದೆ ಭಟ್ಟಿಯ ಮುಂದೆ ಕುಳಿತೆ. ಆರಿದ ಮೇಲೆ ಅರ ಹಚ್ಚಿದರೆ ನನ್ನ ರಟ್ಟೆ ನೋಯಿತೇ ಹೊರತು ತುದಿ ಸುಲಭಕ್ಕೆ ಸವೆಯಲಿಲ್ಲ. ಇಪ್ಪತ್ತೂ ಪಾಸಾದವು.

ನಿನ್ನೆ ತುದಿ ಕಾಯಿಸುವಾಗ ಅಂಗೈಗೆ ಎದ್ದ ಬೊಬ್ಬೆ ಮಾಯುತ್ತಿದೆ, ಚಿಂತೆ ಬೇಡ. ಟಪಾಲಿನವನು ಡಬ್ಬಿ ತೆರೆಯುತ್ತಿದ್ದಾನೆ. ನಿನ್ನೆಯ ಕಾರ್ಡು ಇದಕ್ಕಿಂತ ಮೊದಲೇ ಮುಟ್ಟಿರುತ್ತದೆ. ಅದನ್ನು ಅವ್ವನಿಗೆ ಓದಿ ಹೇಳಿದ್ದರೆ, ಇದನ್ನು ಎರಡು ಸಲ ಓದಿ ಹೇಳಿರಿ.

ಮೌನೇಶ